ಕಾಲಪೇಟಿಯ ಬಲಗಡೆ

ಬ್ಯಾಡಗಿ, 29 ಜನವರಿ 1989, ಭಾನುವಾರ

ಇವತ್ತು ಹಲಗೇರಿಯಿಂದ ಪ್ರಭುಲಿಂಗಪ್ಪ ಬಂದಿದ್ದರು. ಹಿಟ್ಟಿನ ಗಿರಣಿಯವರು, ಅಲ್ಲಿಯ ನಾಟಕ ಮಂಡಳಿಯ ಯಜಮಾನರು. ಸುಗ್ಗಿ ಮುಗಿದ ಮೇಲೆ ಆ ಊರಿನವರು ವರ್ಷಕ್ಕೊಂದು ನಾಟಕ ಆಡುತ್ತಾರೆ. ಕಲಿಸುವವರು ಅಬ್ಬಾ, ಹಾರ್ಮೋನಿಯಂ ಪೇಟಿ ಬಾರಿಸುವವರೂ ಅಬ್ಬಾ. ನಾನು ಹುಟ್ಟುವ ಮೊದಲಿನಿಂದ ಹಾಗೇ ನಡೆದಿದೆ. ಈ ಸಲ ಪ್ರಭುಲಿಂಗಪ್ಪ ಬಾಳೆಹಣ್ಣು ಹಿಡಿದುಕೊಂಡು ಬಂದಿದ್ದರು, ಆಸ್ಪತ್ರೆಗೆ ಬಂದವರ ಹಾಗೆ. ಅದನ್ನು ನೋಡಿದಾಗಲೇ ನನಗೆ ಸಂಶಯ ಬಂತು. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ.

"ಮಾಸ್ತರ, ಈ ವರ್ಷ ನೀವು ಆರಾಮ ತಗೊಳ್ರಿ. ಹಾವೇರಿಯೊಳಗ ಒಬ್ಬ ಹುಡುಗ ಅದಾನ, ಕರೆಂಟಿನ ಪೇಟಿ ಇಟ್ಟಾನ. ಗುಂಡಿ ಒತ್ತಿದ್ರ ತಬಲಾನೂ ಅದ ಬಾರಸತೈತಿ, ಪಿಟೀಲೂ ಅದ ಬಾರಸತೈತಿ."

"ಮತ್ತ ಪಾರ್ಟೂ ಅದ ಮಾಡತೈತೇನು?" ಎಂದರು ಅಬ್ಬಾ.

"ಚ್ಯಾಷ್ಟಿ ಬಿಡ್ರಿ ಮಾಸ್ತರ. ನಿಮ್ಮ ಬಲಗೈ..."

ದೀಪಾವಳಿಯ ಹೊತ್ತಿಗೆ ಅಬ್ಬಾನಿಗೆ ಲಕ್ವಾ ಹೊಡೆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಬಲಗಾಲನ್ನು ನೆಲದ ಮೇಲೆ ಎಳೆಯುತ್ತಾರೆ. ಬಲಗೈ ಮಾತ್ರ ಯಾರೋ ಇಟ್ಟುಹೋದ ಸಾಮಾನಿನಂತೆ ತೊಡೆಯ ಮೇಲೆ ಇರುತ್ತದೆ.

"ಶಿವರಾತ್ರಿ ಮುಂದ ಒಂದು ದಿನ ಪೇಟಿ ಕೇಳ್ರಿ. ನಿಮಗ ಸೇರದಿದ್ರ ಆ ಹುಡುಗನ್ನ ಕರಸ್ರಿ. ನಾನ ನಿಂತು ಅವಗ ಹಾಡು ಹೇಳಿಕೊಡತೇನಿ" ಎಂದರು ಅಬ್ಬಾ.

"ಬಾರಸೋರು ಯಾರು?"

"ನಮ್ಮ ಮನ್ಯಾಗಿನವರ."

ಚಿಕ್ಕಪ್ಪನ ಮಗ ಸಲಾವುದ್ದೀನ ಇರಬೇಕು ಎಂದುಕೊಂಡೆ. ಪ್ರಭುಲಿಂಗಪ್ಪ ಹೋದ ಮೇಲೆ ಅಬ್ಬಾ ಕಾಲಪೇಟಿಯ ಮೇಲಿನ ಬಟ್ಟೆ ತೆಗೆಸಿದರು. ಬಾಕಿನ ಎಡತುದಿಗೆ ಸರಿದು ಕೂತು, "ಜುಬೇದಾ, ಬಾ. ಬಲಗಡೆ ಕೂಡು" ಎಂದರು.

ಬಸ್ಸಿನಲ್ಲಿ ಇಳಿಯುವ ಜಾಗ ಬಂದರೂ "ನಿಲ್ಲಸ್ರಿ" ಎನ್ನಲಾಗದೆ ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದು ಬರುವವಳು ನಾನು. ಕನ್ನಡ ಸಾಹಿತ್ಯ ಓದಿ ಬಿ.ಎ. ಮುಗಿಸಿದರೂ ಹೈಸ್ಕೂಲಿನ ಸಂದರ್ಶನದಲ್ಲಿ ಹೆಸರು ಕೇಳಿದಾಗಲೇ ದನಿ ಹೋಗಿತ್ತು. ಇದೆಲ್ಲ ಅಬ್ಬಾನಿಗೆ ಗೊತ್ತಿದೆ. ಆದರೂ ಬಲಗಡೆ ಕೂತೆ. ಅಷ್ಟು ದಿನಗಳ ಮೇಲೆ ಅವರು ಪೇಟಿಯ ಮುಂದೆ ಕೂತಿದ್ದರು, ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

2 ಫೆಬ್ರವರಿ

ಮನೆಗಳನ್ನು ಮುಟ್ಟಲು ಇನ್ನೂ ಅಪ್ಪಣೆ ಇಲ್ಲ. ಪೇಟಿಯ ಕರಿ ಬಿಳಿ ಪಟ್ಟಿಗಳಿಗೆ ಅಬ್ಬಾ ಮನೆ ಎನ್ನುತ್ತಾರೆ. ನನ್ನ ಕೆಲಸ ಗಾಳಿ ಹಾಕುವುದಷ್ಟೇ. ಕೆಳಗೆ ಎರಡು ಪೆಡಲುಗಳಿವೆ. ಎಡದ್ದು ಅಬ್ಬಾನ ಎಡಗಾಲಿಗೆ, ಬಲದ್ದು ನನ್ನ ಬಲಗಾಲಿಗೆ. ಒಬ್ಬರಾದ ಮೇಲೆ ಒಬ್ಬರು ತುಳಿಯಬೇಕು. ಅಬ್ಬಾ ಎಡಗೈಯಿಂದ ಒಂದೇ ಸ್ವರ ಹಿಡಿದಿರುತ್ತಾರೆ, ಅದು ಅಲುಗಬಾರದು.

ಅಲುಗುತ್ತದೆ. ನನ್ನ ಸರದಿ ಬಂದಾಗಲೆಲ್ಲ ಆಡು ಒದರಿದಂತೆ ಆಗುತ್ತದೆ.

"ಅವಸರ ಮಾಡಬ್ಯಾಡ. ನಡದಂಗ ತುಳಿ. ಸಂತಿಗೆ ಹೊಂಟಂಗಲ್ಲ, ಚೀಲ ಹೊತ್ತು ಸಂತಿಯಿಂದ ಬಂದಂಗ."

ಅಮ್ಮಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದಿಂದ ಬಂದು ಹೊಸ್ತಿಲಲ್ಲೇ ನಿಂತಳು. ಈ ದಿನಗಳಲ್ಲಿ ಕೈ ತೊಳೆದು, ಎಣ್ಣೆ ಹಚ್ಚಿ, ಮತ್ತೆ ತೊಳೆಯುವ ತನಕ ಅವಳು ಏನನ್ನೂ ಮುಟ್ಟುವುದಿಲ್ಲ.

"ಮನ್ಯಾಗ ಆಡು ಕಟ್ಟೀರೇನು?" ಎಂದಳು. ಅವಳ ಸೆರಗಿನ ಘಾಟಿಗೆ ಅಬ್ಬಾ ಸೀನಿದರು, ನಾನೂ ಸೀನಿದೆ. ಪೇಟಿಯ ಗಾಳಿ ಸೋರಿಹೋಯಿತು.

ಒಂದು ಸಂಗತಿ ಗಮನಿಸಿದೆ. ಮನೆಯಲ್ಲಿ ನಾವು ಆಡುವುದು ಉರ್ದು; ಅಮ್ಮಾನ ಮಾತನ್ನೂ ನಾನು ಇಲ್ಲಿ ಕನ್ನಡಕ್ಕೆ ತಿರುಗಿಸಿಯೇ ಬರೆಯುತ್ತಿದ್ದೇನೆ. ಆದರೆ ಪೇಟಿಯ ಮುಂದೆ ಕೂತರೆ ಅಬ್ಬಾ ಕನ್ನಡ ಬಿಟ್ಟು ಬೇರೆ ಆಡುವುದಿಲ್ಲ. ಕೇಳಿದ್ದಕ್ಕೆ, "ನಾಟಕ ಕನ್ನಡದ್ದು. ಪೇಟಿಗೂ ಅದ ರೂಢಿ ಆಗೈತಿ" ಎಂದರು.

9 ಫೆಬ್ರವರಿ

ನಗು ಬರುತ್ತದೆ, ಆದರೂ ಬರೆದಿಡುತ್ತೇನೆ. ಇವತ್ತು ಮನೆ ಹಿಡಿಯಲು ಕಲಿಸಿದರು. ಬೆರಳು ಹೇಗೆ ಇಡಬೇಕೆಂದು ತಮ್ಮ ಎಡಗೈಯಲ್ಲಿ ತೋರಿಸಿದರು, ಬೇರೆ ಕೈ ಎಲ್ಲಿದೆ? ಕಿರುಬೆರಳಿನಿಂದ ಸ, ಪಕ್ಕದ ಬೆರಳಿನಿಂದ ರಿ. ನಾನೂ ಬಲಗೈಯ ಕಿರುಬೆರಳಿನಿಂದ ಸ ಹಿಡಿದೆ. ರಿ ಹಿಡಿಯಲು ಆ ಕಡೆ ಬೆರಳೇ ಇಲ್ಲ. ಕೈ ಮಡಚಿ, ಅಬ್ಬಾನ ಕಡೆಗೆ ಮೈ ತಿರುಚಿ, ಮೊಣಕೈ ಎತ್ತಿ, ಅವರ ಗಡ್ಡಕ್ಕೆ ಬಡಿದೆ. ಅವರು ನಕ್ಕು ನಕ್ಕು ಕೆಮ್ಮು ಹತ್ತಿ ಅಮ್ಮಾ ನೀರು ತರಬೇಕಾಯಿತು. ಲಕ್ವಾ ಹೊಡೆದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಆಮೇಲೆ ತಮ್ಮ ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಆಯಾ ಮನೆಯ ಮೇಲೆ ಇಟ್ಟರು. ನಾನು ಅಕ್ಷರ ಕಲಿತದ್ದೂ ಹೀಗೆಯೇ ಇರಬೇಕು, ನೆನಪಿಲ್ಲ.

12 ಫೆಬ್ರವರಿ

ಸಪ್ತಕ ಪೂರ್ತಿ ಬಂತು, ಮೇಲಕ್ಕೂ ಕೆಳಕ್ಕೂ. ಚಹಾದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ಮಾತ್ರ ಅಬ್ಬಾ ಹೇಳಿದರು. ಹೆಚ್ಚಾಗಿರಲಿಲ್ಲ.

19 ಫೆಬ್ರವರಿ, ಭಾನುವಾರ

ಇವತ್ತು ಹಲಗೇರಿಯ ಗುಡದಪ್ಪ ತಾಲೀಮಿಗೆ ನಮ್ಮ ಮನೆಗೇ ಬಂದ. ನಾಟಕದಲ್ಲಿ ಅವನು ತಮ್ಮ, ಪ್ರಭುಲಿಂಗಪ್ಪ ಅಣ್ಣ. ಹೊಲ ಹಂಚಿಕೊಂಡು ಬೇರೆಯಾದ ಅಣ್ಣತಮ್ಮಂದಿರ ಕಥೆ. ಜೊತೆಗೆ ತಬಲಾದ ಮೈಲಾರೆಪ್ಪ ಕಾಕಾ ಬಂದಿದ್ದರು. ಅಬ್ಬಾನೂ ಅವರೂ ಕೂಡಿ ಬಾರಿಸದ ಊರು ಈ ಸೀಮೆಯಲ್ಲಿಲ್ಲ.

ಎಲ್ಲ ಕೆಟ್ಟಿತು. ನನಗೆ ಹಾಡು ಬಾಯಿಪಾಠ, ಬೆರಳಪಾಠ. ಗುಡದಪ್ಪ ಸುರುಮಾಡುವ ಮೊದಲೇ ನಾನು ಸುರುಮಾಡಿದೆ. ಅವನು ನಿಂತಲ್ಲಿ ನಾನು ನಿಲ್ಲಲಿಲ್ಲ. ಕೊನೆಗೆ ಅವನೇ ಹಾಡು ನಿಲ್ಲಿಸಿ, "ಮಾಸ್ತರ, ನಾನು ಹಾವೇರಿ ಬಸ್ಸು ಹತ್ತೇನಿ, ಪೇಟಿ ರಾಣೇಬೆನ್ನೂರ ಬಸ್ಸು ಹತ್ತೈತಿ" ಎಂದ.

"ನೀ ಪೇಟಿ ನೋಡಾಕತ್ತೀದಿ" ಎಂದರು ಅಬ್ಬಾ. "ಪೇಟಿ ಎಲ್ಲಿ ಓಡಿಹೋಗತೈತಿ? ಹಾಡೋರ ಮಾರಿ ನೋಡು. ಉಸಿರು ತಗೊಳ್ಳೋದು ಮಾರಿ ಮ್ಯಾಲೆ ಕಾಣತೈತಿ."

ಮುಖ ನೋಡಲು ಪ್ರಯತ್ನಪಟ್ಟೆ. ಗುಡದಪ್ಪನ ಗದ್ದದ ತನಕ ಕಣ್ಣು ಏರಿತು, ಮುಂದೆ ಹೋಗಲಿಲ್ಲ.

ಅವರು ಹೋದ ಮೇಲೆ ಅಮ್ಮಾ ಶುರುಮಾಡಿದಳು: "ಮದುವಿ ಮಾಡೋ ಹುಡುಗಿ. ಮಂದಿ ಮುಂದ ಕುಂತು ಗಂಡಸರ ಮಾರಿ ನೋಡಕೋಂತ ಇರೂದು ಎಂಥಾ ಚಂದರೀ?"

"ಹಂಗಾರ ನೀ ಬಾರಸು" ಎಂದರು ಅಬ್ಬಾ.

"ನನ್ನ ಕೈ ಮುಟ್ಟಿದ್ರ ನಿಮ್ಮ ಪೇಟಿ ಉರದು ಹೋಗತೈತಿ."

ಇಬ್ಬರೂ ನಕ್ಕರು. ಆದರೆ ಅಮ್ಮಾನ ಮಾತು ಅಲ್ಲಿಯೇ ಉಳಿಯಿತು, ಅದು ಸುಳ್ಳೂ ಅಲ್ಲ. ಶಿವರಾತ್ರಿ ಹತ್ತಿರ ಬರುತ್ತಿದೆ. ಹಾವೇರಿಯ ಹುಡುಗನೇ ಬರಲಿ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಅಬ್ಬಾ ಅವನ ಪಕ್ಕ ನಿಂತು, ಕೋಲು ಹಿಡಿದು, ಹಾಡು ಹೇಳಿಕೊಡುವುದು ಕಣ್ಣಮುಂದೆ ಬಂತು. ಊರಿನವರು ಅವರಿಗೆ ಕುರ್ಚಿ ಹಾಕುತ್ತಾರೆ, ಮಾಸ್ತರ ಎಂದು ಕರೆಯುತ್ತಾರೆ. ಮರುವರ್ಷ ಕರೆಯುವುದಿಲ್ಲ.

26 ಫೆಬ್ರವರಿ, ಭಾನುವಾರ

ಹಲಗೇರಿಗೆ ಹೋಗಿದ್ದೆವು. ಶಾಲೆಯ ಕಟ್ಟೆಯ ಮೇಲೆ ಪಾತ್ರಧಾರಿಗಳು, ಕೆಳಗೆ ಅಂಗಳದಲ್ಲಿ ಪೇಟಿ. ನಾಟಕದ ದಿನವೂ ಹೀಗೆಯೇ, ಪೇಟಿ ರಂಗದ ಕೆಳಗೆ, ಜನಕ್ಕೆ ಬೆನ್ನು ಮಾಡಿ. ನನ್ನನ್ನು ಯಾರೂ ನೋಡುವುದಿಲ್ಲ ಎಂಬುದೇ ಒಂದು ಸಮಾಧಾನ.

ನನ್ನ ಕಣ್ಣಿಗೆ ನೇರವಾಗಿ ಬಂದದ್ದು ಮಾರಿಗಳಲ್ಲ, ಪಾದಗಳು. ಸುಮ್ಮನೆ ನೋಡುತ್ತ ಕೂತೆ. ಗುಡದಪ್ಪ ಹಾಡು ಎತ್ತುವ ಮೊದಲು ಅವನ ಬಲಗಾಲ ಹೆಬ್ಬೆರಳು ಮೇಲಕ್ಕೇಳುತ್ತದೆ. ಪ್ರತಿ ಸಲ. ಪ್ರಭುಲಿಂಗಪ್ಪ ಹಿಮ್ಮಡಿ ಊರುತ್ತಾರೆ. ಮಾತು ಮರೆತಾಗ ಎರಡೂ ಪಾದ ಒಳಕ್ಕೆ ತಿರುಗುತ್ತವೆ. ಆಗ ಪೇಟಿಯಲ್ಲಿ ಒಂದೆರಡು ಸ್ವರ ಎಳೆದರೆ ಅವರಿಗೆ ಮಾತು ನೆನಪಾಗುವಷ್ಟು ಹೊತ್ತು ಸಿಗುತ್ತದೆ.

ಇವತ್ತು ಗುಡದಪ್ಪನ ಹಾಡು ಎಲ್ಲಿಯೂ ಕಡಿಯಲಿಲ್ಲ. ಮೈಲಾರೆಪ್ಪ ಕಾಕಾ ಡಗ್ಗಾದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದರು. "ಮಾರಿ ನೋಡಲಾರದ ಹೆಂಗ ಹಿಡದಿ?" ಎಂದು ಅಬ್ಬಾ ಕೇಳಿದರು. ಹೇಳಿದೆ. ಅವರು ಬಗ್ಗಿ ಗುಡದಪ್ಪನ ಪಾದವನ್ನೇ ಬಹಳ ಹೊತ್ತು ನೋಡಿದರು. ಅವನು ಗಾಬರಿಯಾಗಿ, "ಏನರ ಕಡದೈತೇನ್ರಿ?" ಎಂದ.

ಅಮ್ಮಾಗೂ ಹೇಳಿದೆ. "ಕಾಲು ನೋಡಿದ್ರ ಅಡ್ಡಿಯಿಲ್ಲ" ಎಂದಳು.

5 ಮಾರ್ಚ್, ಭಾನುವಾರ

ಪ್ರಭುಲಿಂಗಪ್ಪ ಇವತ್ತು ಪೂರ್ತಿ ಕೇಳಿದರು. ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಕಣ್ಣು ತೆರೆದು ಕೇಳಿದರು. ಅಬ್ಬಾನ ಎಡಗೈ ಆಧಾರಸ್ವರ ಹಿಡಿದಿತ್ತು, ಹಾಡು ನನ್ನ ಬಲಗೈಯದು.

ನಡುವೆ ಒಂದು ಕಡೆ ಪ್ರಭುಲಿಂಗಪ್ಪ ತಮ್ಮನನ್ನು ಮನೆಯಿಂದ ಹೊರಗೆ ಹಾಕುವ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. "ಅಲ್ಲೆ ನಿಂದರಬೇಕ್ರಿ. ಒಡಹುಟ್ಟಿದವಗ 'ಹೋಗು' ಅಂದ ಮ್ಯಾಲೆ ಲಗೂನ ಮುಂದಿನ ಮಾತು ಬರೂದಿಲ್ಲ. ನೀವು ಸುಮ್ಮನಿರ್ರಿ, ಅಲ್ಲೆ ಪೇಟಿ ಇರತೈತಿ" ಎಂದೆ. ಅವರು ಮತ್ತೊಮ್ಮೆ ಹೇಳಿದರು, ನಿಂತರು. ಚೆನ್ನಾಗಿ ಬಂತು. ಅಬ್ಬಾ ನನ್ನ ಕಡೆ ತಿರುಗಿ ನೋಡಿದ್ದು ಏಕೆಂದು ತಿಳಿಯಲಿಲ್ಲ.

ಕೊನೆಗೆ ಪ್ರಭುಲಿಂಗಪ್ಪ ಹೇಳಿದ್ದು ಇದು: "ಪೇಟಿ ಅಡ್ಡಿಯಿಲ್ಲ. ಆದ್ರ ಮಾಸ್ತರ, ಬಾಕಿನ ಮ್ಯಾಲೆ ನೀವು ಕುಂದರಬೇಕು. ಏಳಂಗಿಲ್ಲ. ಮಂದಿಗೆ ಯೂಸುಫ ಮಾಸ್ತರ ಕಾಣಬೇಕು. ಬರೇ ಹುಡುಗಿ ಕುಂತಾಳ ಅಂದ್ರ ನಾಳೆ ನನ್ನ ಮಾರಿಗೆ ಉಗಳತಾರ. ತಂಗಿ, ನೀ ಬ್ಯಾಸರ ಮಾಡಕೋಬ್ಯಾಡವಾ."

ನನಗೆ ಬೇಸರವೇನಿಲ್ಲ. ಒಬ್ಬಳೇ ಕೂರುವ ಮಾತೇ ಎಲ್ಲಿಂದ ಬಂತು? ಎಡ ಪೆಡಲಿನ ಮೇಲೆ ಅಬ್ಬಾನ ಕಾಲು ಇಲ್ಲದಿದ್ದರೆ ನಾನು ಒಂದು ಸಾಲೂ ದಾಟಲಾರೆ.

14 ಮಾರ್ಚ್

ಸಂಜೆ ನೀರು ತಂದು ಒಳಗೆ ಬರುವಾಗ ಅಬ್ಬಾ ಪೇಟಿಯ ಮುಂದೆ ಒಬ್ಬರೇ ಕೂತಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ ಮನೆಗಳ ಮೇಲೆ ಇಟ್ಟುಕೊಂಡಿದ್ದರು. ಗಾಳಿ ಹಾಕಿರಲಿಲ್ಲ. ಹೆಬ್ಬೆರಳು ಸ್ವಲ್ಪ ಅಲುಗಿದಂತೆ ಕಂಡಿತು, ಇಲ್ಲವೇನೋ. ನಾನು ಕೊಡ ಸಪ್ಪಳ ಮಾಡಿ ಇಳಿಸಿದೆ. ಕೈ ತೊಡೆಗೆ ಮರಳಿತ್ತು.

"ಕರಿ ಎರಡರಾಗ ತೆಗಿ" ಎಂದರು, ಎರಡನೆಯ ಕರಿ ಮನೆಯೇ ಸ ಆಗುವ ಹಾಗೆ. ಕೈಕಾಲು ಒರೆಸಿಕೊಂಡು ಕೂತೆ. ಕತ್ತಲಾಗುವ ತನಕ ಬಾರಿಸಿದೆವು.

ಹಲಗೇರಿ, 25 ಮಾರ್ಚ್, ಶನಿವಾರ

ಇವತ್ತೇ ನಾಟಕ. ಪ್ರಭುಲಿಂಗಪ್ಪನವರ ಗಿರಣಿಯ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಹೆಣ್ಣುಪಾತ್ರಕ್ಕೆ ಮಂಗಳವ್ವ ಮಧ್ಯಾಹ್ನದ ಬಸ್ಸಿಗೆ ಬಂದರು. ಇಂಥ ನಾಟಕಗಳಲ್ಲಿ ಗಂಡಸರು ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ, ಕಲಾವಿದೆಯರು ನಾಟಕದ ದಿನವೇ ಬಂದಿಳಿಯುತ್ತಾರೆ. ಯಾವ ಊರಿನಲ್ಲಿ ಯಾವ ಪಾತ್ರವೆಂದು ಅವರಿಗೆ ಬಸ್ಸಿನಲ್ಲಿ ನೆನಪಾದರೆ ಸಾಕು. ಮಧ್ಯಾಹ್ನ ಒಂದು ಸಲ ಹಾಡು ಕೂಡಿಸಿ ನೋಡುವುದು, ಅಷ್ಟೇ.

ನಾನು ಅವರ ಹಾಡನ್ನೆಲ್ಲ ಕರಿ ಎರಡರಲ್ಲಿ ಕಲಿತಿದ್ದೆ. ಅಬ್ಬಾನ ದನಿ ಅದು, ಗುಡದಪ್ಪನದೂ ಅದೇ. ಮಂಗಳವ್ವ ಎಲೆಅಡಿಕೆ ದವಡೆಗೆ ಒತ್ತರಿಸಿ, "ಕರಿ ಐದು ಕೊಡವಾ ತಂಗಿ" ಎಂದರು. ನನ್ನ ಬೆರಳುಗಳಿಗೆ ಅಲ್ಲಿ ಗುರುತಿನವರು ಯಾರೂ ಇರಲಿಲ್ಲ. ಎರಡು ಸಲ ತಪ್ಪಿದೆ.

"ಮಾಸ್ತರ, ಇಕಿ ನಿಮ್ಮ ಮಗಳೇನ್ರಿ?"

"ಹೌದು."

"ಹಂಗಾರ ಕಲೀತಾಳ ಬಿಡ್ರಿ. ರಾತ್ರಿತನಕ ಟೈಮ್ ಐತೆಲ್ಲ" ಎಂದು ನಕ್ಕು, ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು. ಅವಸರ ಮಾಡದೆ, ಮೆಲ್ಲಗೆ ಅದೇ ಹಾಡನ್ನು ಹಾಡುತ್ತ ಹೋದರು. ನಾನು ಹುಡುಕುತ್ತ ಹೋದೆ. ಬಿಸಿಲು ಇಳಿಯುವ ಹೊತ್ತಿಗೆ ಕೈ ಕೂತಿತು. ಎದ್ದು ಹೋಗುವಾಗ, "ಅಳೂ ಹಾಡಿನ್ಯಾಗ ನನ್ನ ಬಿಟ್ಟು ಮುಂದ ಹೋಗಬ್ಯಾಡ ಮತ್ತ. ಒಬ್ಬಾಕಿನ ಅಳಾಕ ನನಗ ಅಂಜಿಕಿ" ಎಂದರು.

ಅಮ್ಮಾನೂ ಬಂದಿದ್ದಾಳೆ. ನನ್ನ ತಲೆ ಬಾಚಿ, ಹೊಸ ಓಢಣಿ ಹೊದಿಸಿ, "ಹಿಂದಿನಿಂದ ಮಂದಿ ನೋಡತಾರ, ಬೆನ್ನು ನೆಟ್ಟಗ ಇಟಕೊ" ಎಂದಳು.

ಬ್ಯಾಡಗಿ, 26 ಮಾರ್ಚ್, ಭಾನುವಾರ

ಈಗ ಮಧ್ಯಾಹ್ನ. ಅಬ್ಬಾ ಇನ್ನೂ ಮಲಗಿದ್ದಾರೆ. ನನಗೆ ನಿದ್ದೆ ಬರಲಿಲ್ಲ. ಕಾಲು ನೋಯುತ್ತಿವೆ, ಎರಡೂ.

ಮೊದಲನೆಯ ಅಂಕ ನಾವು ಎಣಿಸಿದ ಹಾಗೆಯೇ ನಡೆಯಿತು. ಎಡಗಡೆ ಅಬ್ಬಾ, ಬಲಗಡೆ ನಾನು. ಗುಡದಪ್ಪನ ಹೆಬ್ಬೆರಳು ಎದ್ದಿತು, ನಾನು ಹಿಡಿದೆ. ಪ್ರಭುಲಿಂಗಪ್ಪ "ಹೋಗು" ಎಂದು ನಿಂತಾಗ ಹಿಂದೆ ಕೂತಿದ್ದ ಹೆಂಗಸರಲ್ಲಿ ಯಾರೋ ಮೂಗು ಒರೆಸಿಕೊಂಡದ್ದು ನನಗೂ ಕೇಳಿಸಿತು.

ಆಮೇಲೆ ಆಹೇರಿ. ಮೆಚ್ಚಿದವರು ನಾಟಕದ ನಡುವೆಯೇ ರಂಗ ಹತ್ತಿ ಪಾತ್ರಧಾರಿಗಳಿಗೆ ಟಾವೆಲ್ಲು, ಜಂಪರಿನ ಬಟ್ಟೆ ಕೊಡುವ ರೂಢಿ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗುತ್ತಾರೆ. ಅಲ್ಲಿಯವರೆಗೆ ಕಥೆ ನಿಂತಿರುತ್ತದೆ. ಸತ್ತು ಬಿದ್ದವನೂ ಎದ್ದು ಕೈಮುಗಿದು, ಟಾವೆಲ್ಲು ಹೊದ್ದು, ಮತ್ತೆ ಸಾಯುತ್ತಾನೆ. ಈ ಸಲ ಪ್ರಭುಲಿಂಗಪ್ಪ ಮೈಕು ಹಿಡಿದು, ಊರ ಪರವಾಗಿ ಯೂಸುಫ ಮಾಸ್ತರಿಗೆ ಶಾಲು ಹೊದಿಸುತ್ತೇವೆ ಎಂದರು. ಇಬ್ಬರು ಬಂದು ಅಬ್ಬಾನನ್ನು ಹಿಡಿದು ಮೇಲೆ ಕರೆದುಕೊಂಡು ಹೋದರು. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ.

"ಎರಡು ಮಾತು ಹೇಳ್ರಿ ಮಾಸ್ತರ" ಎಂದು ಮೈಕು ಕೊಟ್ಟರು. ಅಬ್ಬಾ ಎಡಗೈಯಲ್ಲಿ ಹಿಡಿದುಕೊಂಡರು.

"ಈ ಊರಾಗ ಇಷ್ಟು ನಾಟಕ ಮಾಡಸೇನಿ. ಖರೇ ಹೇಳಬೇಕಂದ್ರ ಒಂದೂ ನೋಡಿಲ್ಲ. ರಂಗದ ಬುಡಕ ಕುಂತಾಂವಗ ಗದ್ದ ಕಾಣತೈತಿ, ಮೂಗಿನ ಹೊಳ್ಳಿ ಕಾಣತಾವ, ನಾಟಕ ಕಾಣೂದಿಲ್ಲ. ಇವತ್ತ ಪ್ರಭುಲಿಂಗಪ್ಪನ ಪಾರ್ಟು ಎದುರಿಗೆ ಕುಂತು ನೋಡಬೇಕಂತ ಆಸೆ ಆಗೈತಿ. ನೀವು ಹೂಂ ಅಂದ್ರ ನೋಡತೇನಿ."

ಊರಿಗೆ ಊರೇ ಹೂಂ ಎಂದಿತು. ಪ್ರಭುಲಿಂಗಪ್ಪನವರ ಬಾಯಿ ತೆರೆದೇ ಇತ್ತು, ಮೈಕು ಅವರ ಕೈಯಲ್ಲಿರಲಿಲ್ಲ. ಅಬ್ಬಾ ಆ ಕಡೆಯ ಮೆಟ್ಟಿಲಿನಿಂದ ಇಳಿದು, ಮುದುಕರ ಸಾಲಿನಲ್ಲಿ ಜಾಗ ಮಾಡಿಸಿಕೊಂಡು ಕೂತೇಬಿಟ್ಟರು.

ಬಾಕಿನ ಎಡಗಡೆ ಖಾಲಿ. ಮುಂದಿನದು ಮಂಗಳವ್ವನವರ ಅಳುವ ಹಾಡು. ಮೈಲಾರೆಪ್ಪ ಕಾಕಾ ಡಗ್ಗಾ ಸರಿಮಾಡುತ್ತ, "ಅಂವ ಬರೂದಿಲ್ಲವಾ. ನನಗ ನಿನ್ನೇನ ಹೇಳಿದ್ದ. ನಡುವ ಸರಿ" ಎಂದರು, ನನ್ನ ಕಡೆ ನೋಡದೆ.

ನಡುವೆ ಸರಿದೆ. ಎಡ ಪೆಡಲಿನ ಮೇಲೆ ಕಾಲಿಟ್ಟೆ, ಅದು ಇನ್ನೂ ಬೆಚ್ಚಗಿತ್ತು. ಮೊದಲ ಸ್ವರ ನಡುಗಿತು. ಮೇಲೆ ಮಂಗಳವ್ವನವರ ಪಾದ ಕಾಯುತ್ತಾ ನಿಂತಿತ್ತು. ಅವರ ಯಾವ ಬೆರಳು ಏಳುತ್ತದೋ ನನಗೆ ಗೊತ್ತಿರಲಿಲ್ಲ. ಒಂದೇ ಮಧ್ಯಾಹ್ನದ ಪರಿಚಯ. ಅದಕ್ಕೇ ಮಾರಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕಣ್ಣಿನಲ್ಲೇ "ಬಾ" ಎಂದರು. ಇಬ್ಬರೂ ಕೂಡಿಯೇ ಉಸಿರು ತೆಗೆದುಕೊಂಡೆವು.

ಹಾಡು ಮುಗಿದಾಗ "ಒನ್ಸ್ ಮೋರ್" ಎಂದು ಕೂಗಿದರು. ಎರಡನೆಯ ಸಲ ಹಾಡುವಾಗ ಮಾತ್ರ ನನ್ನ ಎಡಗೈ ನೆನಪಾಯಿತು. ಅದು ಆಗಲೇ ಆಧಾರಸ್ವರದ ಮೇಲಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ.

ನಾಟಕ ಮುಗಿಯುವ ಹೊತ್ತಿಗೆ ಬೆಳ್ಳಿ ಮೂಡಿತ್ತು. ಪ್ರಭುಲಿಂಗಪ್ಪ ಬಣ್ಣ ಹಚ್ಚಿದ ಮಾರಿಯಲ್ಲೇ ಬಂದು ಅಬ್ಬಾನ ಮುಂದೆ ನಿಂತರು. "ಮಾಸ್ತರ, ಮಾತಿಗೆ ತಪ್ಪಿದ್ರಿ."

"ತಪ್ಪೇನಿ. ಮಂದಿ ಉಗಳಿದರೇನು?"

"ಇಲ್ಲ" ಎಂದು ಅವರು ನನ್ನ ಕಡೆ ತಿರುಗಿ, ಶಾಲು ಒಂದೇ ತಂದಿದ್ದೆವಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಬಸ್ಸಿನಲ್ಲಿ ಅಮ್ಮಾ ಅಬ್ಬಾನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಹೇಗಾಯಿತು ಎಂದು ನಾನೇ ಕೇಳಿದೆ.

"ಪೇಟಿ ಜೋರಾತು. ಹಿಂದ ಕುಂತ್ರ ಮಾತು ಕೇಳೂದಿಲ್ಲ" ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ನಾನೂ ಹಿಂಗ ಜೋರ ಬಾರಸತಿದ್ದೆ ಅಂತ ಕಾಣತೈತಿ. ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲ ನೋಡು" ಎಂದರು. ಅದು ಅವರಿಗೆ ಬಹಳ ಮೋಜೆನಿಸಿರಬೇಕು, ಬ್ಯಾಡಗಿ ಬರುವ ತನಕ ಆಗಾಗ ನಗುತ್ತಿದ್ದರು.

ಊರು ಬಂದದ್ದು ಅವರ ಗಮನಕ್ಕೆ ಬಂದಿರಲಿಲ್ಲ. ನಾನೇ ಕೂಗಿ ಬಸ್ಸು ನಿಲ್ಲಿಸಿದೆ.

30 ಮಾರ್ಚ್

ಮೇಡ್ಲೇರಿಯಿಂದ ಇಬ್ಬರು ಬಂದಿದ್ದರು. ರಂಜಾನ್ ಕಳೆದ ಮೇಲೆ ಅವರ ಊರಲ್ಲೂ ನಾಟಕವಿದೆಯಂತೆ, ಪೇಟಿಗೆ ನಾವೇ ಬೇಕಂತೆ. ನಾನು ಬಟ್ಟೆ ಒಗೆಯಲು ಹೋಗಿದ್ದೆ. ಬರುವಷ್ಟರಲ್ಲಿ ಅಬ್ಬಾ ಹೂಂ ಎಂದು, ಚಹಾ ಕುಡಿಸಿ ಕಳಿಸಿಬಿಟ್ಟಿದ್ದರು.

ನನ್ನನ್ನು ಒಂದು ಮಾತು ಕೇಳಲಿಲ್ಲವೆಂದು ಸಿಟ್ಟು ಬಂತು. ಹಾಡುವವರು ಎಷ್ಟು ಜನ, ಯಾರದು ಯಾವ ಸ್ವರ, ಹೆಣ್ಣುಪಾತ್ರಕ್ಕೆ ಯಾರು ಬರುತ್ತಾರೆ, ಒಂದನ್ನೂ ವಿಚಾರಿಸಿಲ್ಲ. ಕೇಳಿದರೆ, "ಅದೆಲ್ಲ ನನಗ್ಯಾಕ ಬೇಕು, ನಾನು ನೋಡಾಕ ಬರಾಂವ" ಎನ್ನುತ್ತಾರೆ.

ನಾಳೆ ಮೊದಲ ಬಸ್ಸಿಗೆ ಮೈಲಾರೆಪ್ಪ ಕಾಕಾನನ್ನು ಕರೆದುಕೊಂಡು ಮೇಡ್ಲೇರಿಗೆ ಹೋಗಿ, ಒಬ್ಬೊಬ್ಬರನ್ನೂ ನಿಲ್ಲಿಸಿ ಹಾಡಿಸಿ ನೋಡಿ ಬರಬೇಕು.